‘ಮಾಡು’, ‘ಹೇಳು’, ‘ನೋಡು’ಗಳಿಗೆ ಬದಲಿ ಹುಡುಕುವುದು ಹೇಗೆ?

ಪ್ರಶ್ನೆ: ನಾನು ಲಲಿತ ಪ್ರಬಂಧಗಳನ್ನು ಬರೆಯುತ್ತೇನೆ. ತಿದ್ದಲು ಕುಳಿತಾಗ ಪ್ರತಿ ಪುಟದಲ್ಲೂ ‘ಮಾಡು’, ‘ಹೇಳು’, ‘ನೋಡು’ಗಳೇ ಎದುರಾಗುತ್ತವೆ. ಸಮಾನಾರ್ಥಕ ಪದಗಳ ಪಟ್ಟಿ ಇಟ್ಟುಕೊಂಡು ಇವನ್ನು ಬದಲಿಸುತ್ತ ಹೋಗಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಕರಡು ತಿದ್ದುವವರೊಬ್ಬರ ಉತ್ತರ:
ಪಟ್ಟಿಯಿಂದ ಆರಂಭಿಸಬೇಡಿ. ನಡೆದ ಕ್ರಿಯೆ ಯಾವುದೆಂದು ಮೊದಲು ಕೇಳಿಕೊಳ್ಳಿ. ಈಚೆಗೆ ನನ್ನ ಮೇಜಿಗೆ ಬರುವ ಬರಹಗಳಲ್ಲಿ ‘ಕಟ್ ಮಾಡು’ ಎಂಬುದು ಎಲ್ಲ ಕೆಲಸಕ್ಕೂ ಒದಗುತ್ತದೆ. ಆದರೆ ನಾವು ತರಕಾರಿಯನ್ನು ಹೆಚ್ಚುತ್ತೇವೆ, ಪೈರನ್ನು ಕೊಯ್ಯುತ್ತೇವೆ, ಮರವನ್ನು ಕಡಿಯುತ್ತೇವೆ, ಸೌದೆಯನ್ನು ಸೀಳುತ್ತೇವೆ, ಬಟ್ಟೆಯನ್ನು ಕತ್ತರಿಸುತ್ತೇವೆ. ಇವು ಒಂದರ ಜಾಗದಲ್ಲಿ ಇನ್ನೊಂದು ಕೂರುವ ಪದಗಳಲ್ಲ. ಕೈಯಲ್ಲಿರುವ ಆಯುಧ, ಅದರ ಕೆಳಗಿರುವ ವಸ್ತು, ಏಟಿನ ರೀತಿ ಎಲ್ಲವೂ ಆಯಾ ಕ್ರಿಯಾಪದದೊಳಗೇ ಸೇರಿಕೊಂಡಿವೆ. (ಊರಿನಿಂದ ಊರಿಗೆ ಬಳಕೆ ಬದಲಾಗುವುದುಂಟು, ಅಂಥಲ್ಲಿ ನಿಮ್ಮ ಮನೆಯ ಮಾತನ್ನೇ ನಂಬಿ.) ಇನ್ನು ‘ಪರಿಶೀಲನೆ ಮಾಡಿದರು’ ಎಂಬುದನ್ನು ‘ಪರಿಶೀಲಿಸಿದರು’ ಎಂದೂ ‘ವಾಶ್ ಮಾಡಿದಳು’ ಎಂಬುದನ್ನು ಸಂದರ್ಭ ನೋಡಿ ‘ಒಗೆದಳು’ ಅಥವಾ ‘ತೊಳೆದಳು’ ಎಂದೂ ಬರೆದರೆ, ‘ಮಾಡು’ವಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಸುದ್ದಿಮನೆಯಲ್ಲಿ ಕೆಲಸ ಮಾಡಿದವರೊಬ್ಬರ ಉತ್ತರ:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ‘ಹೇಳು’ವನ್ನು ಅಷ್ಟು ಸುಲಭವಾಗಿ ಅಟ್ಟಬೇಡಿ. ಒಂದೇ ವರದಿಯಲ್ಲಿ ಅದು ಮತ್ತೆ ಮತ್ತೆ ಬಂತೆಂಬ ಕಾರಣಕ್ಕೆ ‘ಒಪ್ಪಿಕೊಂಡರು’ ಎಂದು ತಿದ್ದಿದರೆ ಆ ವ್ಯಕ್ತಿಯ ಮೇಲೆ ತಪ್ಪು ಹೊರಿಸಿದಂತಾಗುತ್ತದೆ, ‘ಸಮರ್ಥಿಸಿಕೊಂಡರು’ ಎಂದರೆ ಯಾರೋ ಆಕ್ಷೇಪಿಸಿದ್ದರೆಂದು ಅರ್ಥ ಬರುತ್ತದೆ, ‘ಸ್ಪಷ್ಟಪಡಿಸಿದರು’ ಎಂದರೆ ಅದುವರೆಗೆ ಗೊಂದಲವಿತ್ತೆಂಬ ಸೂಚನೆ ಹೊರಡುತ್ತದೆ. ಇವೆಲ್ಲ ನಿಜವಾಗಿದ್ದಾಗ ಮಾತ್ರ ಬಳಸತಕ್ಕ ಪದಗಳು. ಪ್ರಬಂಧದಲ್ಲಿ ‘ಗೊಣಗಿದ’, ‘ಗದರಿದ’, ‘ಪಿಸುಗುಟ್ಟಿದ’ ಎಂಬುವು ಚೆನ್ನಾಗಿಯೇ ಒಗ್ಗುತ್ತವೆ, ಏಕೆಂದರೆ ಅಲ್ಲಿ ದನಿಯೂ ಕೇಳಿಸುತ್ತದೆ. ಆಟೋ ಚಾಲಕನು ಬಾಡಿಗೆ ಎಷ್ಟೆಂದು ‘ಅರುಹಿದನು’ ಎಂದು ಬರೆದರೆ ಮಾತ್ರ ಓದುಗರು ನಕ್ಕಾರು.

ಪ್ರೌಢಶಾಲೆಯ ಕನ್ನಡ ಶಿಕ್ಷಕಿಯೊಬ್ಬರ ಉತ್ತರ:
‘ನೋಡು’ವಿಗೂ ಇದೇ ಮಾತು ಸಲ್ಲುತ್ತದೆ: ಇಣುಕುವವನು ಮರೆಯಲ್ಲಿರುತ್ತಾನೆ, ದಿಟ್ಟಿಸುವವನು ಕಣ್ಣು ಕೀಳುವುದಿಲ್ಲ, ಗುರಾಯಿಸುವವನಿಗೆ ಸಿಟ್ಟು ಬಂದಿರುತ್ತದೆ. ಪದ ಹೊಳೆದ ಮೇಲೆ ಅನುಮಾನವಿದ್ದರೆ ನಿಘಂಟು ತೆರೆಯಿರಿ. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಅರ್ಥವನ್ನು ಇಂಗ್ಲಿಷಿನಲ್ಲಿ ಕೊಡುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಎತ್ತಿ ಕೊಡುವುದರಿಂದ, ನಿಮ್ಮ ಪದ ಹಳೆಯ ಕಾವ್ಯಕ್ಕಷ್ಟೇ ಸೇರಿದ್ದೋ ಇಂದಿನ ಗದ್ಯಕ್ಕೂ ಹೊಂದುತ್ತದೆಯೋ ಎಂಬ ಅಂದಾಜು ಅಲ್ಲಿ ಸಿಗುತ್ತದೆ. ಅಡುಗೆಮನೆಯ ಪದಗಳಿಗೆ ಮಾತ್ರ ಮನೆಯ ಹಿರಿಯರನ್ನೇ ಕೇಳುವುದು ಒಳಿತು. ‘ಕೆಟ್ಟ ವಾಸನೆ’ ಎಂದಷ್ಟೇ ಬರೆದ ವಿದ್ಯಾರ್ಥಿಗಳನ್ನು ಮನೆಗೆ ಹೋಗಿ ಕೇಳಿ ಬರಲು ಹೇಳಿದಾಗ, ಹಳೆಯ ಎಣ್ಣೆಗೆ ‘ಕಮಟು’, ತೇವ ಹಿಡಿದ ಅಕ್ಕಿಗೆ ‘ಮುಗ್ಗಲು’ ಎಂಬ ಪದಗಳನ್ನು ಅವರೇ ಬರೆದು ತಂದರು.