ಟಿಕೆಟ್ ಡೆಲ್ಟಾದ್ದು, ಪೈಲಟ್ ಇನ್ನೊಂದು ಕಂಪನಿಯವರು: ಅಮೆರಿಕದಲ್ಲಿ ಯಾಕೆ ಹೀಗೆ?

ಹಾಸನದ_ಹುಡುಗ:
ಮಿನಿಯಾಪೊಲಿಸ್‌ನಿಂದ ಫಾರ್ಗೋಗೆ ಡೆಲ್ಟಾ ಟಿಕೆಟ್ ತಗೊಂಡಿದ್ದೆ. ವಿಮಾನಕ್ಕೆ ಡೆಲ್ಟಾ ಬಣ್ಣ, ಆದರೆ ಹಾರಿಸಿದ್ದು ಸ್ಕೈವೆಸ್ಟ್ ಪೈಲಟ್‌ಗಳು. ಪೈಲಟ್ ಯೂನಿಯನ್‌ಗಳ ‘ಸ್ಕೋಪ್ ಕ್ಲಾಝ್’ ಅಂತ ಏನೋ ಷರತ್ತು ಇದೆಯಂತೆ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ರನ್‌ವೇ_09:
ಟಿಕೆಟ್ ಮಾರೋದು, ರೂಟ್ ತೀರ್ಮಾನ ಮಾಡೋದು ದೊಡ್ಡ ಏರ್‌ಲೈನ್. ಅವರ ಪರವಾಗಿ ಚಿಕ್ಕ ವಿಮಾನ ಹಾರಿಸುವ ಸ್ಕೈವೆಸ್ಟ್‌ನಂಥ ರೀಜನಲ್ ಕಂಪನಿಗೆ ಹಾರಿಸಿದ್ದಕ್ಕೆ ದುಡ್ಡು ಸಿಗುತ್ತದೆ, ಸೀಟು ತುಂಬಲಿ ಬಿಡಲಿ. ಹಾಗಾಗಿ ಯಾರು ಕಡಿಮೆಗೆ ಹಾರಿಸುತ್ತಾರೋ ಅವರಿಗೆ ಗುತ್ತಿಗೆ, ಮೊದಲ ಕತ್ತರಿ ಬೀಳೋದು ಸಿಬ್ಬಂದಿಯ ಸಂಬಳಕ್ಕೆ. ಇದನ್ನು ತಡೆಯೋಕೆ ಡೆಲ್ಟಾ, ಯುನೈಟೆಡ್, ಅಮೆರಿಕನ್ ಪೈಲಟ್‌ಗಳು ತಮ್ಮ ಕಂಪನಿ ಜೊತೆಗಿನ ಒಪ್ಪಂದದಲ್ಲೇ ಗೆರೆ ಎಳೆದಿದ್ದಾರೆ, ಅದೇ ಸ್ಕೋಪ್ ಕ್ಲಾಝ್: ಹೊರಗೆ ಕೊಡುವ ವಿಮಾನದಲ್ಲಿ 76ಕ್ಕಿಂತ ಜಾಸ್ತಿ ಸೀಟು ಇರಬಾರದು, ಟೇಕಾಫ್ ತೂಕ 86,000 ಪೌಂಡ್ ದಾಟಬಾರದು. ಅಂಥ ವಿಮಾನಗಳ ಸಂಖ್ಯೆಗೂ ಮಿತಿ ಇದೆ.

ಮಲ್ನಾಡ್_ಮಳೆ:
ಇದರಿಂದ ನಷ್ಟವೂ ಇದೆ ಅಲ್ವಾ? ವಿಮಾನ ತಯಾರಿಸುವ ಎಂಬ್ರೇರ್‌ನ ಹೊಸ ಇ175-ಇ2ಗೆ ಇಂಧನ ಕಡಿಮೆ ಸಾಕು, ಆದರೆ ತೂಕ ಮಿತಿ ದಾಟುತ್ತದೆ, ಅದಕ್ಕೇ ಅಮೆರಿಕದಲ್ಲಿ ಹಳೇ ಇ175 ಅನ್ನೇ ಕೊಳ್ಳುತ್ತಾರೆ. ಯುನೈಟೆಡ್‌ಗೆ ಹಾರುವ ಸಿಆರ್‌ಜೆ-550 ನೋಡಿ. ಆ ಸಂಖ್ಯೆಯ ಮಿತಿಗೆ ಸಿಗದಿರಲಿ ಅಂತ 70 ಸೀಟಿನ ವಿಮಾನಕ್ಕೆ 50 ಸೀಟು ಹಾಕಿದ್ದಾರೆ. ಉಳಿದ ಜಾಗದಲ್ಲಿ ಲಗೇಜ್ ಕಪಾಟು, ತಿಂಡಿ ಕೌಂಟರ್!

ಕಾವೇರಿ_ತೀರ:
ನಷ್ಟ ನಿಜ. ಆದರೂ ನಾನು ಆ ಗೆರೆಯ ಪರ. 2009ರ ಫೆಬ್ರವರಿ 12ರಂದು ಬಫಲೋ ಹತ್ತಿರ ಕೋಲ್ಗನ್ ಏರ್ ಅನ್ನೋ ರೀಜನಲ್ ಕಂಪನಿಯ 3407 ವಿಮಾನ ಬಿತ್ತು. ಟಿಕೆಟ್ ಕಾಂಟಿನೆಂಟಲ್ ಅನ್ನೋ ದೊಡ್ಡ ಏರ್‌ಲೈನ್ ಹೆಸರಲ್ಲಿತ್ತು. ವಿಮಾನದಲ್ಲಿದ್ದ 49 ಜನ, ನೆಲದ ಮೇಲೆ ಮನೆಯಲ್ಲಿದ್ದ ಒಬ್ಬರು ಸತ್ತರು. ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ಸ್ಥಿತಿ) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮೂತಿ ಇಳಿಸುವ ಬದಲು ಕಂಟ್ರೋಲ್ ಹಿಂದಕ್ಕೆಳೆದದ್ದೇ ಕಾರಣ ಅಂತ ತನಿಖೆ ಹೇಳಿತು. ಆದರೆ ಸಹಪೈಲಟ್ ಡ್ಯೂಟಿಗೆ ಬಂದದ್ದು ಹೇಗೆ ಗೊತ್ತಾ? ಸಿಯಾಟಲ್‌ನಿಂದ ನ್ಯೂವಾರ್ಕ್‌ಗೆ, ರಾತ್ರಿಯಿಡೀ ಕಾರ್ಗೋ ವಿಮಾನಗಳಲ್ಲಿ ಕೂತು. ಕೆಲಸದ ಊರಲ್ಲಿ ಮನೆ ಮಾಡುವಷ್ಟು ಸಂಬಳ ಎಲ್ಲಿತ್ತು? ಸತ್ತವರ ಮನೆಯವರು ಪಟ್ಟು ಹಿಡಿದು 2010ರಲ್ಲಿ ಕಾನೂನು ತರಿಸಿದರು. ಟಿಕೆಟ್ ಮಾರುವ ವೆಬ್‌ಸೈಟ್ ಮೊದಲೇ ನಿಜವಾಗಿ ಹಾರಿಸುವ ಕಂಪನಿಯ ಹೆಸರು ತೋರಿಸಬೇಕು ಅನ್ನೋದು ಅದರಲ್ಲೇ ಇದೆ.

ಹಾಸನದ_ಹುಡುಗ:
ಹಾಗಾದ್ರೆ ಆ ಗೆರೆ ರೀಜನಲ್ ಪೈಲಟ್‌ಗಳನ್ನೂ ಕಾಯುತ್ತಾ?

ರನ್‌ವೇ_09:
ಇಲ್ಲ, ನನಗೆ ಬೇಜಾರಾಗೋದೇ ಅಲ್ಲಿ. ಡೆಲ್ಟಾದ್ದೇ ಆಗಿದ್ದ ರೀಜನಲ್ ಕಂಪನಿ ಕಾಮ್‌ಏರ್‌ನ ಪೈಲಟ್‌ಗಳು 2001ರಲ್ಲಿ 89 ದಿನ ಮುಷ್ಕರ ಮಾಡಿ ಸಂಬಳ ಹೆಚ್ಚಿಸಿಕೊಂಡರು. ಆಮೇಲೆ ‘ನಿಮ್ಮ ಖರ್ಚು ಜಾಸ್ತಿ’ ಅನ್ನೋ ಮಾತು ಬಂತು, 2012ರಲ್ಲಿ ಕಂಪನಿಯೇ ಮುಚ್ಚಿತು. ಅವರದೂ ಡೆಲ್ಟಾ ಪೈಲಟ್‌ಗಳದೂ ಒಂದೇ ಯೂನಿಯನ್, ಆಲ್ಪಾ. ಡೆಲ್ಟಾ ಬಣ್ಣದ ವಿಮಾನ ಹಾರಿಸುವವರಿಗೆಲ್ಲ ಒಂದೇ ಸೀನಿಯಾರಿಟಿ ಪಟ್ಟಿ ಬೇಕು ಅಂತ ಯೂನಿಯನ್ ಅವತ್ತೇ ಹಟ ಹಿಡಿಯಬೇಕಿತ್ತು.