ನಾಯಿಗೂ ಜಾತಿ ಸಂಘವಾ?

ಭಾನುವಾರ ಬೆಳಿಗ್ಗೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಪುಟ್ಟಿ ಒಂದು ಫೋಟೊ ಹಾಕಿದ್ದೇ ಇಷ್ಟಕ್ಕೆಲ್ಲ ಕಾರಣ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇವೆ. ನಡುವೆ ಬಂದ ಮೂರು ಶುಭೋದಯ, ಒಂದು ಗಣಪತಿ ಬಿಟ್ಟಿದ್ದೇನೆ.

ಪುಟ್ಟಿ: ನಮ್ಮ ಶೆಲ್ಟರ್‌ನಿಂದ ಚಳಿ ದೇಶದ ಹಸ್ಕಿ ನಾಯಿ ಇವತ್ತು ಹೊರಟ. ಹಸ್ಕಿಗಳನ್ನೇ ನೋಡಿಕೊಳ್ಳೋ ಗುಂಪಿನವರು ಬಂದು ಕರಕೊಂಡು ಹೋದ್ರು.

ದೊಡ್ಡಪ್ಪ ಮೈಸೂರು: ನಾಯಿಗೂ ಜಾತಿ ಸಂಘ ಬಂತೇನಮ್ಮಾ? ಪಕ್ಕದಲ್ಲಿ ನಿಂತಿರೋ ಕಂದು ನಾಯಿಗೆ ಯಾರೂ ಇಲ್ವಾ?

(ನಾವು ತಳಿ ನಾಯಿ ಅನ್ನೋದಿಲ್ಲ, ಜಾತಿ ನಾಯಿ ಅಂತೀವಿ. ಅರ್ಧ ಜಗಳ ಅಲ್ಲೇ ಹುಟ್ಟುತ್ತೆ.)

ಪುಟ್ಟಿ: ಅವಳಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಬೀದಿಗೇ ಬಿಡ್ತೀವಿ ದೊಡ್ಡಪ್ಪ. ಎಬಿಸಿ ಅಂದ್ರೆ ಬೀದಿನಾಯಿ ಸಂತಾನ ನಿಯಂತ್ರಣದ ನಿಯಮ ಹಾಗಿದೆ. ಅಲ್ಲಿ ಟೀ ಅಂಗಡಿಯವರು ದಿನಾ ಬನ್ ಹಾಕ್ತಾರೆ. ಹಸ್ಕಿನ ಬೀದಿಗೆ ಬಿಡಕ್ಕಾಗುತ್ತಾ? ಎರಡು ಪದರ ಕೂದಲು, ಈ ಬಿಸಿಲು. ಯಾರೂ ಒಯ್ಯದಿದ್ರೆ ಸಾಯೋವರೆಗೂ ಅದೇ ಕೆನೆಲ್. ಅವನು ಇನ್ನು 8 ವರ್ಷ ಅಲ್ಲಿ ಕೂತರೆ, ಅದೇ ಜಾಗದಲ್ಲಿ ಆಪರೇಷನ್ ಆಗಿ ನಾಲ್ಕೈದು ದಿನ ಇದ್ದು ಹೋಗಬೇಕಾದ ಬೀದಿನಾಯಿಗಳು ಎಷ್ಟಾದ್ವು, ಲೆಕ್ಕ ಹಾಕಿ.

ಅಣ್ಣ ಯಲಹಂಕ: ಅಬ್ಬಾ. ಇದೇ ಮಾತು ನಾನು ಹೇಳಿದ್ರೆ ನಿಮ್ಮ ಶೆಲ್ಟರ್‌ನವರಿಗೆ ಕೋಪ ಬರುತ್ತೆ.

ಪುಟ್ಟಿ: ಬರದೆ ಇನ್ನೇನು? ನಿಮ್ಮ ಲ್ಯಾಬ್ರಡಾರ್ ರೆಸ್ಕ್ಯೂ ಗುಂಪಿಗೆ ಹೋದ ತಿಂಗಳು ಎರಡು ನಾಯಿ ತೋರಿಸಿದ್ವಿ. ಒಂದೂವರೆ ವರ್ಷದ ಗಂಡು ಅದೇ ಸಂಜೆ ಕಾರು ಹತ್ತಿತು. 9 ವರ್ಷದ ಹೆಣ್ಣು ಇನ್ನೂ ಇಲ್ಲೇ ಇದೆ. ಬ್ರೀಡರ್ ಮರಿ ಹಾಕಿಸಿ ಹಾಕಿಸಿ ಮೊಲೆ ಜೋತು ಬಿದ್ದಿದೆ. ಗೇಟು ಕಿರ್ ಅಂದ್ರೆ ಎದ್ದು ಬರುತ್ತೆ, ತನಗಲ್ಲ ಅಂತ ಗೊತ್ತಾದ ಮೇಲೆ ಹೋಗಿ ಗೋಣಿಚೀಲದ ಮೇಲೆ ಮಲಗುತ್ತೆ. ಬೆಂಡೆಕಾಯಿ ತುದಿ ಮುರಿದು ನೋಡಿ ಎಳೇದು ಆರಿಸೋ ಹಾಗೆ ಆರಿಸೋದಾದ್ರೆ ಅದು ರೆಸ್ಕ್ಯೂ ಹೇಗಣ್ಣಾ?

ಅಣ್ಣ ಯಲಹಂಕ: ಆ ಗಂಡು ಗಟ್ಟಿಮುಟ್ಟಾಗಿದೆ ಅಂತ ಕೊಟ್ರಿ. ಮೂರನೇ ದಿನ 105 ಜ್ವರ, ಒಸಡು ಬೆಳ್ಳಗೆ. ಟಿಕ್ ಫೀವರ್, ಉಣ್ಣೆ ಕಚ್ಚಿ ಬರೋದು. ರಾತ್ರಿ ಹನ್ನೊಂದಕ್ಕೆ ಡ್ರಿಪ್, ಆಮೇಲೆ 28 ದಿನ ಡಾಕ್ಸಿಸೈಕ್ಲಿನ್. ದತ್ತು ಆಗೋವರೆಗೆ ಇಟ್ಟುಕೊಂಡಿದ್ದ ಫಾಸ್ಟರ್ ಮನೆಯವರು ಇನ್ನು ನಮ್ಮಿಂದಾಗಲ್ಲ ಅಂತ ಕೈ ಮುಗಿದ್ರು. ನಮಗೆ ಶೆಡ್ ಇಲ್ಲ ಪುಟ್ಟೀ, ಇದ್ದಿದ್ದೇ 7 ಮನೆ. ರಕ್ತ ಪರೀಕ್ಷೆಯ ಒಂದು ಚೀಟಿ ಜೊತೆಗಿದ್ದಿದ್ರೆ ಏಳೂ ಉಳೀತಿತ್ತು.

ಪುಟ್ಟಿ: ಇರೋರು ಒಬ್ರೇ ಡಾಕ್ಟರು.

ಭಾವ ಕ್ಯಾಲಿಫೋರ್ನಿಯಾ: ಇಲ್ಲಿ ಇದಕ್ಕೆ ಕಾನೂನೇ ಇದೆ. 1998ರ ಹೇಡನ್ ಕಾಯ್ದೆ. ಶೆಲ್ಟರ್‌ನವರು ಕೊಲ್ಲೋಕೆ ಅಂತ ಇಟ್ಟ ನಾಯಿನ ರೆಸ್ಕ್ಯೂ ಸಂಸ್ಥೆ ಕೇಳಿದ್ರೆ ಕೊಡಬೇಕು.

ಪುಟ್ಟಿ: ಅಲ್ಲಿ ಕೊಲ್ತಾರೆ, ಅದಕ್ಕೆ ಆ ಕಾನೂನು ಬೇಕಾಯ್ತು ಭಾವ. ಇಲ್ಲಿ ಜಾಗ ಇಲ್ಲ ಅಂತ ನೆಟ್ಟಗಿರೋ ನಾಯಿನ ಕೊಲ್ಲಲ್ಲ. ತಂದು ಕಟ್ಟಿ ಹೋಗೋರು ಮಾತ್ರ ನಿಲ್ಲಲ್ಲ. ಸಾಕಿದ ನಾಯಿನ ಬಿಟ್ಟು ಹೋದ್ರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ ಗೊತ್ತಾ? 10ರಿಂದ 50 ರೂಪಾಯಿ.

ಚಿಕ್ಕಪ್ಪ: ಮಾಲ್‌ನಲ್ಲಿ ಪಾರ್ಕಿಂಗೇ ಜಾಸ್ತಿ ಆಯ್ತು.

ದೊಡ್ಡಪ್ಪ ಮೈಸೂರು: ಏನೇ ಹೇಳಿ, ಜಾತಿ ನೋಡಿ ಕಾಪಾಡೋದು ನನಗೆ ಸರಿಹೋಗಲ್ಲ.

ನಾನು: ನೀವು ಬಿ.ಎಸ್ಸಿ. ಓದುವಾಗ ಇದ್ದಿದ್ದು ಯಾವ ಹಾಸ್ಟೆಲ್ ದೊಡ್ಡಪ್ಪ?

ದೊಡ್ಡಪ್ಪ ಮೈಸೂರು: ಅದು ಬೇರೆ ವಿಷಯ.

(ಆಮೇಲೆ ಬರೀ ನೀಲಿ ಟಿಕ್ಕು. ನಾನು ಕೇಳಬಾರದಿತ್ತೋ ಏನೋ.)

ಚಿಕ್ಕತ್ತೆ: ಈ ಗುಂಪುಗಳ ಸುದ್ದಿ ನನ್ನ ಹತ್ರ ಎತ್ತಬೇಡಿ. ಗೋಲ್ಡನ್ ರಿಟ್ರೀವರ್ ನಾಯಿ ಬೇಕು ಅಂತ ಒಂದು ಸಲ ಕೇಳಿದ್ದೆ. ಮನೆ ನೋಡಕ್ಕೆ ಬರ್ತೀವಿ ಅಂದ್ರು. ಬಾಲ್ಕನಿಗೆ ಗ್ರಿಲ್ ಇದೆಯಾ, ಹಗಲು ಯಾರಿರ್ತಾರೆ, ಸ್ವಂತದ್ದಾ ಬಾಡಿಗೆಯಾ. ನನ್ನ ಮದುವೆಗೆ ಅಪ್ಪ ಇಷ್ಟು ವಿಚಾರಿಸಿರಲಿಲ್ಲ.

ಅಣ್ಣ ಯಲಹಂಕ: ಆಪರೇಷನ್ ಆಗಿದೆ ಅಂದ ತಕ್ಷಣ ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋಗೋರಿದ್ದಾರೆ ಅತ್ತೆ. ಮರಿ ಮಾಡಿಸಿ ಮಾರೋಕೆ ಬಂದಿರ್ತಾರೆ. ಅವರಿಗೋಸ್ಕರ ಈ ಪ್ರಶ್ನೆಗಳು.

ಚಿಕ್ಕತ್ತೆ: ನಾನು ಹಾಗೆ ಕಾಣ್ತೀನಾ?

ಪುಟ್ಟಿ: ಅಣ್ಣಾ, ಈಗ ಮಾತು ಮುಗಿಸೋಣ. ಪ್ರತಿ ನಾಯಿಗೂ ರಕ್ತ ಪರೀಕ್ಷೆ ಚೀಟಿ ಕೊಡ್ತೀವಿ, ಖರ್ಚು ಅರ್ಧ ನಿಮ್ಮದು. ಎಳೇದು ಒಂದು ಒಯ್ದರೆ ಮುದಿ ಒಂದು ಒಯ್ಯಬೇಕು.

ಅಣ್ಣ ಯಲಹಂಕ: ಆಗಲ್ಲ. ಮೂರಕ್ಕೆ ಒಂದು.

ಪುಟ್ಟಿ: ಎರಡಕ್ಕೆ ಒಂದು. ದತ್ತು ತಗೊಂಡವರು ಬೇಡ ಅಂದ್ರೆ ನಿಮ್ಮ ಹತ್ರಾನೇ ಬರಬೇಕು, ನಮ್ಮ ಗೇಟಿಗೆ ಕಟ್ಟೋ ಹಾಗಿಲ್ಲ.

ಅಣ್ಣ ಯಲಹಂಕ: ಕೊನೇದಕ್ಕೆ ಒಪ್ಪಿದೆ. ಆ ಮುದುಕಿಗೆ ಗರ್ಭಕೋಶ ನೋಡಿಸಿದ್ರಾ? ಈ ವಯಸ್ಸಿಗೆ ಕೀವು ಕಟ್ಟಿಕೊಂಡಿರುತ್ತೆ.

ಪುಟ್ಟಿ: ಕಟ್ಟಿತ್ತು. ತೆಗೆಸಿ ಹನ್ನೆರಡು ದಿನ ಆಯ್ತು. ಹೊಲಿಗೆನೂ ಬಿಚ್ಚಿದ್ದಾರೆ.

ಅಣ್ಣ ಯಲಹಂಕ: ಹಾಗಾದ್ರೆ ಎರಡಕ್ಕೆ ಒಂದು. ಆದರೆ ಇರೋ 6 ಮನೆನೂ ತುಂಬಿದೆ, ಈ ವಾರ ಎಲ್ಲಿಗೆ ಕಳಿಸಲಿ?

ಚಿಕ್ಕತ್ತೆ: ಅದು ಮೆಟ್ಟಿಲು ಹತ್ತುತ್ತಾ?

ಪುಟ್ಟಿ: ಇಲ್ಲ ಅತ್ತೆ, ಹಿಂಗಾಲು ನೋವು.

ಚಿಕ್ಕತ್ತೆ: ನಮ್ಮಲ್ಲಿ ಲಿಫ್ಟ್ ಇದೆ. ಮನೆ ನೋಡಕ್ಕೆ ಬರೋರು ಶನಿವಾರ ಬರಬೇಡಿ, ಸತ್ಯನಾರಾಯಣ ಪೂಜೆ.

ದೊಡ್ಡಪ್ಪ ಮೈಸೂರು: ನಮ್ಮ ಹಾಸ್ಟೆಲ್‌ನಲ್ಲಿ ನಮ್ಮವರಲ್ಲದ ಇಬ್ಬರು ಹುಡುಗರೂ ಇದ್ರು. ಗೊತ್ತಿರಲಿ.