ಅಪ್‌ಡೇಟ್: ಆಲೆಮನೆಗೆ ಲಾರಿ ಬಂತು

ಮಂಡ್ಯದ ಹತ್ತಿರ ನಮ್ಮ ಹಳೇ ಆಲೆಮನೆಯಲ್ಲಿ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ರಿಪೇರಿ ಮಾಡೋಕೆ ನೆಲ ಎಷ್ಟು ದಪ್ಪ ಬೇಕು, ಎಂಜಿನ್ ಎತ್ತೋಕೆ ತೊಲೆ ಸಾಕಾ ಅಂತ ಕೇಳಿದ್ದೆ. ತೊಲೆ ನಂಬಬೇಡಿ, ಚುಚ್ಚಿ ನೋಡಿ ಅಂತ ನೀವು ಹೇಳಿದ್ದೇ ಸರಿ. ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದೆ, ಹಿಡಿವರೆಗೂ ಇಳಿಯಿತು. ಒಳಗೆಲ್ಲ ಗೆದ್ದಲು! ಈಗ ಎಂಜಿನ್ ಎತ್ತೋಕೆ ಕಬ್ಬಿಣದ ಗ್ಯಾಂಟ್ರಿ (ಕಾಲಿನ ಮೇಲೆ ನಿಲ್ಲೋ ಚೌಕಟ್ಟು), 2 ಟನ್ ಚೈನ್ ಪುಲ್ಲಿ.

ನೆಲಕ್ಕೆ ಸರಳು ಹಾಕಿ 6 ಇಂಚು ಕಾಂಕ್ರೀಟ್. ಅದು ಗಟ್ಟಿಯಾಗಲಿ ಅಂತ 28 ದಿನ ಲಾರಿ ಹತ್ತಿಸಲಿಲ್ಲ. ಅಪ್ಪ ದಿನಾ ಬೈದರು, ಸುಮ್ನೆ ಕೇಳಿಸಿಕೊಂಡೆ.

ಎಡಗಡೆ ಚಕ್ರದ ನಟ್ಟು ಉಲ್ಟಾ ಥ್ರೆಡ್ ಅಂತ ಗೊತ್ತಿರಲಿಲ್ಲ. ಜಾಸ್ತಿ ಬಲ ಹಾಕಿ 2 ಬೋಲ್ಟ್ ಮುರಿದೆ. ಟಾಟಾ, ಬೆಂಜ್ ಕಂಪನಿಗಳ ಕೂಟ ಮುಗಿದದ್ದು 1969ರಲ್ಲಿ ಅಲ್ವಾ, ಲಾರಿ ಮುಂಭಾಗದ ಬೆಂಜ್ ನಕ್ಷತ್ರ ಮಾತ್ರ ಇನ್ನೂ ಗಟ್ಟಿಯಾಗಿದೆ.